ಫಿರೋಜ್ ಶಾಹನ ಟಂಕಾ, ಜೊತೆಗೊಂದು ಹಳೆ ಪೊಟ್ಟಣ: ಹಿಂದಿನ ಒಡೆಯರ ಹೆಸರಿಗೂ ದುಡ್ಡು ಕೊಡಬೇಕಾ?

ತೊಗರಿ ಕಣಜ (ಕಲಬುರಗಿ)
ಎಲ್ಲರಿಗೂ ಶರಣು. ಬಹಮನಿ ಸುಲ್ತಾನರ ಕಾಲದ ಟಂಕಾ ನಾಣ್ಯ ಒಂದನ್ನು ಕೊಳ್ಳಬೇಕು ಅಂತಿದ್ದೇನೆ. ಫಿರೋಜ್ ಶಾಹನದು, ಬೆಳ್ಳಿಯದು. ಅಂಚಿನಲ್ಲಿ ಅಹ್ಸನಾಬಾದ್ ಅಂತ ಅರ್ಧ ಕಾಣುತ್ತದೆ. ಅಂದರೆ ನಮ್ಮ ಊರಿನ ಟಂಕಸಾಲೆಯದೇ. ಹಿಜರಿ 807 ಓದಲು ಬರುತ್ತದೆ. ತೂಕ 10.9 ಗ್ರಾಂ. ಒಂದು ಕಡೆ ಸಣ್ಣ ಸೀಳು ಇದೆ.

ಮಾರುವವರು ಎರಡು ರೇಟು ಹೇಳುತ್ತಾರೆ. ಬರೀ ನಾಣ್ಯಕ್ಕೆ ಒಂದು. ಅದರ ಹಳೆಯ ಕಾಗದದ ಪೊಟ್ಟಣವೂ ಬೇಕಾದರೆ ಅದರ ಒಂದೂವರೆ ಪಟ್ಟು. ಹೈದರಾಬಾದಿನ ನವಾಬರೊಬ್ಬರ ಸಂಗ್ರಹದಿಂದ ಬಂದದ್ದಂತೆ. ಹೆಸರು ಕೇಳಿದರೆ ‘ದೊಡ್ಡ ಮನೆತನ’ ಅಂತ ನಗುತ್ತಾರೆ, ಅಷ್ಟೇ. ಪೊಟ್ಟಣದ ಮೇಲೆ ಉರ್ದುವಿನಲ್ಲಿ ಎರಡು ಸಾಲು ಇದೆ, ಕೆಳಗೆ ಪೆನ್ಸಿಲಿನಲ್ಲಿ 168 ಅಂತ ಬರೆದಿದೆ. ತೂಕಕ್ಕೂ ಅದಕ್ಕೂ ತಾಳೆ ಆಗುವುದಿಲ್ಲ. ಯಾರ ಕೈಯಲ್ಲಿ ಇತ್ತು ಅನ್ನೋದಕ್ಕೆ ಇಷ್ಟು ಜಾಸ್ತಿ ಕೊಡೋದು ಸರಿಯಾ?

ಸರಾಫ್ ಗಲ್ಲಿ (ಕಲಬುರಗಿ)
ನಮ್ಮ ಕಡೆ ಹಳೆ ನಾಣ್ಯ ಯಾವುದೇ ಇರಲಿ, ಅದು ನಿಜಾಮರ ಖಜಾನೆಯಿಂದಲೇ ಬಂದಿರುತ್ತದೆ. ಇಲ್ಲಾಂದ್ರೆ ಯಾರೋ ನವಾಬರ ಮನೆಯಿಂದ. ರೈತನ ಮನೆಯಿಂದ ಬಂದ ನಾಣ್ಯವನ್ನು ನಾನಂತೂ ಇವತ್ತಿನ ತನಕ ನೋಡಿಲ್ಲ! ಪೊಟ್ಟಣ ಬಿಡಿ, ನಾಣ್ಯ ತಗೊಳ್ಳಿ. ಬೆಳ್ಳಿ ಸರಿ ಇದೆಯಾ ನೋಡಿಕೊಳ್ಳಿ, ಸಾಕು.

ಯಾದಗಿರಿ ಬೆಟ್ಟ (ಯಾದಗಿರಿ)
ನನ್ನದೂ ಅದೇ ಮಾತು. ನಾನು ಸಂಗ್ರಹಿಸುವುದು ನಾಣ್ಯವನ್ನು, ಹಿಂದಿನವರ ವಂಶಾವಳಿಯನ್ನಲ್ಲ.

ಚೌಬಾರಾ ಕಾಕಾ (ಬೀದರ್)
ಸ್ವಲ್ಪ ನಿಲ್ಲಿ. ಆ 168 ತಪ್ಪಲ್ಲ ತಮ್ಮಾ. ಅದು ಗ್ರಾಂ ಅಲ್ಲ, ಗ್ರೇನ್. ಹಿಂದೆ ನಾಣ್ಯ ತಿಳಿದವರು ಗ್ರೇನ್ ಲೆಕ್ಕದಲ್ಲೇ ತೂಕ ಬರೆಯುತ್ತಿದ್ದರು. ಒಂದು ಗ್ರೇನ್ ಅಂದರೆ 0.0648 ಗ್ರಾಂ. ಗುಣಿಸಿ ನೋಡಿ, 10.88 ಬರುತ್ತದೆ. ನಿಮ್ಮ ತೂಕಕ್ಕೆ ಸರಿಯಾಗಿ ಕೂರುತ್ತದೆ.

ಇದರಿಂದ ಒಂದು ಗೊತ್ತಾಯಿತು. ಪೊಟ್ಟಣ ಬರೆದವರಿಗೆ ನಾಣ್ಯದ ಕಸುಬು ತಿಳಿದಿತ್ತು. ಇವತ್ತು ಚಹಾದ ನೀರಿನಲ್ಲಿ ಕಾಗದ ಅದ್ದಿ ಹಳೇದು ಮಾಡುವವರು ಗ್ರೇನ್ ತನಕ ಯೋಚಿಸುವುದು ಕಡಿಮೆ. ಆದರೆ ಪೊಟ್ಟಣ ಹಳೇದು ಅಂದ ಮಾತ್ರಕ್ಕೆ ಈ ನಾಣ್ಯ ಆ ಪೊಟ್ಟಣದ್ದೇ ಅಂತ ಆಗುವುದಿಲ್ಲ. ಫಿರೋಜ್ ಶಾಹನ ಟಂಕಾಗಳು ಹೆಚ್ಚುಕಮ್ಮಿ ಅದೇ ತೂಕದಲ್ಲಿ ಬೇಕಾದಷ್ಟು ಸಿಗುತ್ತವೆ. ಬಹಮನಿ ಬೆಳ್ಳಿಯಲ್ಲಿ ಅವನದೇ ಸುಲಭ. ಉರ್ದು ಸಾಲುಗಳಲ್ಲಿ ಏನಿದೆ, ಓದಿಸಿ ಹಾಕಿ.

ಯಾದಗಿರಿಯವರ ಮಾತಿಗೂ ಉತ್ತರ ಇದೆ, ರಾತ್ರಿ ಬರೆಯುತ್ತೇನೆ.

ಭೀಮಾ ತೀರ (ಅಫಜಲಪುರ)
ನಿಜಾಮರ ಖಜಾನೆ ಅಂದಾಗ ನೆನಪಾಯಿತು. ಜಹಾಂಗೀರನ 1000 ಮೊಹರಿನ ಚಿನ್ನದ ನಾಣ್ಯ ಗೊತ್ತಲ್ವಾ? 1613ರ ಸುಮಾರಿಗೆ ಆಗ್ರಾದಲ್ಲಿ ಮಾಡಿಸಿದ್ದು. ತೂಕ ಸುಮಾರು 12 ಕಿಲೋ. ಚಲಾವಣೆಗೆ ಅಲ್ಲ, ಉಡುಗೊರೆಗೆ. ಅದು ಕೊನೆಗೆ ಬಂದು ಸೇರಿದ್ದು ಹೈದರಾಬಾದಿನ ನಿಜಾಮರ ಹತ್ತಿರ. ಏಳನೇ ನಿಜಾಮರ ಮೊಮ್ಮಗ ಮುಕರ್ರಂ ಜಾಹ್ ಕೈಗೆ ಬಂತು. 1987ರಲ್ಲಿ ಜಿನೀವಾದಲ್ಲಿ ಹರಾಜಿಗೆ ಇಡಲು ಹೊರಟಾಗ ಇಲ್ಲಿ ಗದ್ದಲ ಆಯಿತು. ಸಿಬಿಐ ಕೂಡ ಹುಡುಕಿತು. ಆಮೇಲೆ ಅದು ಎಲ್ಲಿ ಹೋಯಿತೋ ಪತ್ತೆ ಇಲ್ಲ.

12 ಕಿಲೋ ಚಿನ್ನದ ನಾಣ್ಯ! ಅದಕ್ಕೇ ಕೈಯಿಂದ ಕೈಗೆ ಹೋದ ಪೂರ್ತಿ ಲೆಕ್ಕ ಸಿಗುವುದಿಲ್ಲ. 10.9 ಗ್ರಾಂ ಟಂಕಾಕ್ಕೆ ಸಿಗುತ್ತದಾ?

ಸರಾಫ್ ಗಲ್ಲಿ (ಕಲಬುರಗಿ)
ಭೀಮಾ ಅಣ್ಣಾ, ಅದು ಸಿಕ್ಕರೆ ನಮ್ಮ ಅಂಗಡಿಗೆ ತನ್ನಿ. ತೂಕದ ಯಂತ್ರ ದೊಡ್ಡದು ತರಿಸುತ್ತೇನೆ.

ಆಳಂದ ಅಕ್ಕ (ಆಳಂದ)
ನಾನು ಹಾಲಿ ಸಿಕ್ಕಾ, ಅಂದರೆ ನಿಜಾಮರ ಸಂಸ್ಥಾನದ ನಾಣ್ಯ ಮಾತ್ರ ಕೂಡಿಡುವವಳು. ನನ್ನ ಹತ್ತಿರ ಇರುವ ಚಾರ್ಮಿನಾರ್ ರೂಪಾಯಿಗಳಲ್ಲಿ ಜಾಸ್ತಿ ನಮ್ಮ ಅಜ್ಜಿಯ ಎಲೆಅಡಿಕೆ ಚೀಲದಿಂದ ಬಂದವು. ಅದೂ ಒಡೆತನದ ಇತಿಹಾಸವೇ ಅಲ್ವಾ? ನವಾಬರೇ ಯಾಕೆ ಬೇಕು? ನಮ್ಮ ಜಿಲ್ಲೆಗಳು 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೂಲಿಗೆ ಹಾಲಿ, ಸಂತೆಗೆ ಹಾಲಿ. ರೈಲ್ವೆಗೆ, ಸೊಲ್ಲಾಪುರದ ವ್ಯಾಪಾರಕ್ಕೆ ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್ ಅಂತ ಅಜ್ಜಿ ಬಾಯಿಪಾಠ ಹೇಳುತ್ತಿದ್ದಳು. ಯಾಕೆ ಅಂತ ನಾನು ಲೆಕ್ಕ ಹಾಕಿದ್ದೇನೆ. ಹಾಲಿ ರೂಪಾಯಿ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8. ಬ್ರಿಟಿಷರದು 11.66 ಗ್ರಾಂ, ಬೆಳ್ಳಿ ಶೇ 91.7. ಏಳು ಹಾಲಿಯ ಶುದ್ಧ ಬೆಳ್ಳಿ, ಆರು ಕಲ್ದಾರಿನ ಶುದ್ಧ ಬೆಳ್ಳಿ, ಎರಡೂ 64 ಗ್ರಾಂ ಆಸುಪಾಸಿಗೆ ಬರುತ್ತವೆ. ಅಜ್ಜಿಗೆ ಶಾಲೆ ಇರಲಿಲ್ಲ, ಲೆಕ್ಕ ಪಕ್ಕಾ ಇತ್ತು.

ಈ ಮಾತು ಟಂಕಾಕ್ಕೆ ಸಂಬಂಧ ಇಲ್ಲ, ಕ್ಷಮಿಸಿ. ಹೇಳಬೇಕು ಅನಿಸಿತು.

ಚೌಬಾರಾ ಕಾಕಾ (ಬೀದರ್)
ಅಕ್ಕಾ, ಸಂಬಂಧ ಇದೆ. ಹೇಳುತ್ತೇನೆ.

ಚಾರ್ಮಿನಾರ್ ರೂಪಾಯಿ ಯಂತ್ರದಲ್ಲಿ ಮುದ್ರಿಸಿದ್ದು. ಒಂದೇ ವರ್ಷದ ಎರಡು ರೂಪಾಯಿ ಪಕ್ಕಪಕ್ಕ ಇಟ್ಟರೆ ಯಾವುದು ನಿಮ್ಮ ಅಜ್ಜಿಯದು ಅಂತ ನೀವೇ ಹೇಳಲಾರಿರಿ. ಅಲ್ಲಿ ಒಡೆತನ ನಿಂತಿರುವುದು ಚೀಟಿಯ ಮೇಲೆ, ನಿಮ್ಮ ಮಾತಿನ ಮೇಲೆ. ಬಹಮನಿ ಟಂಕಾ ಹಾಗಲ್ಲ. ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಕೈಯಲ್ಲಿ ಬಡಿದ ಜೋಳದ ರೊಟ್ಟಿ ಇದ್ದ ಹಾಗೆ, ಎರಡು ಒಂದೇ ಥರ ಇರುವುದಿಲ್ಲ. ಅಚ್ಚು ಎಷ್ಟು ಪಕ್ಕಕ್ಕೆ ಸರಿದಿದೆ, ಅಂಚಿನ ಯಾವ ಅಕ್ಷರ ಅರ್ಧಕ್ಕೆ ತುಂಡಾಗಿದೆ, ಸೀಳು ಎಲ್ಲಿ ಬಿದ್ದಿದೆ, ಇವೆಲ್ಲ ಆ ಒಂದು ನಾಣ್ಯಕ್ಕೇ ಸೇರಿದ ಗುರುತು. ಆದ್ದರಿಂದ ಹಳೆಯ ಹರಾಜಿನ ಕ್ಯಾಟಲಾಗಿನಲ್ಲಿ ಅದರ ಫೋಟೋ ಸಿಕ್ಕರೆ ಸಾಕು. ಚೀಟಿ ಕಳೆದಿದ್ದರೂ ಚಿಂತೆ ಇಲ್ಲ, ನಾಣ್ಯವೇ ಸಾಕ್ಷಿ ಹೇಳುತ್ತದೆ. ವೈಟ್ ಕಿಂಗ್ ಎಂಬ ಬ್ರಿಟಿಷ್ ಅಧಿಕಾರಿಯ ದೊಡ್ಡ ಸಂಗ್ರಹ 1904–05ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾಯಿತು. ಅಂಥ ಹೆಸರು ಇವತ್ತಿಗೂ ನಾಣ್ಯದ ಬೆಲೆ ಏರಿಸುತ್ತದೆ.

ತೊಗರಿ ತಮ್ಮಾ, ನಿಮ್ಮ ನಾಣ್ಯದ ಸೀಳನ್ನು ಸರಿಯಾಗಿ ಫೋಟೋ ತೆಗೆದು ಇಟ್ಟುಕೊಳ್ಳಿ. ಮಾರುವವರು ಅದನ್ನು ದೋಷ ಅನ್ನುತ್ತಾರೆ. ಹುಡುಕುವವರಿಗೆ ಅದೇ ಕೈಗೆ ಸಿಗುವ ಹಿಡಿ. ಬಹಮನಿ ನಾಣ್ಯಗಳ ಕ್ಯಾಟಲಾಗ್ ನಂಬರಿಗೆ ಗೋರನ್ ಮತ್ತು ಗೋಯೆಂಕಾ ಅವರ 2001ರ ಪುಸ್ತಕ ನೋಡಿ, ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಫೋಟೋ ಹೋಲಿಸಲು ಝೆನೋ ಜಾಲತಾಣ ಇದೆ.

ಯಾದಗಿರಿ ಬೆಟ್ಟ (ಯಾದಗಿರಿ)
ಕಾಕಾ, ಹೋಲಿಸಿದಿರಿ, ಸಿಕ್ಕಿತು ಅಂತ ಇಟ್ಟುಕೊಳ್ಳಿ. ಯಾರೋ ದೊರೆ 1904ರಲ್ಲಿ ಇಟ್ಟುಕೊಂಡಿದ್ದ. ಅದರಿಂದ ನಾಣ್ಯದಲ್ಲಿ ಬೆಳ್ಳಿ ಜಾಸ್ತಿ ಆಯಿತಾ? ನನಗೆ ಇದು ಶೋಕಿ ಅನಿಸುತ್ತದೆ.

ಚೌಬಾರಾ ಕಾಕಾ (ಬೀದರ್)
ಬೆಳ್ಳಿ ಜಾಸ್ತಿ ಆಗುವುದಿಲ್ಲ. ನಿಮ್ಮ ಕೈಯಲ್ಲಿ ಅದು ಉಳಿಯುತ್ತದೋ ಇಲ್ಲವೋ ಅನ್ನೋದು ತೀರ್ಮಾನ ಆಗುತ್ತದೆ. ಅಮೆರಿಕದ 1933ರ ‘ಡಬಲ್ ಈಗಲ್’ ಕಥೆ ಕೇಳಿ.

ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ ಅದು. 4,45,500 ಮುದ್ರಿಸಿದರು. ಅಷ್ಟರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನದ ನಾಣ್ಯವನ್ನು ಜನರ ಕೈಗೆ ಕೊಡುವುದನ್ನೇ ನಿಲ್ಲಿಸಿದರು. ಎಲ್ಲವನ್ನೂ ಕರಗಿಸಬೇಕು ಅಂತ ಆಯಿತು. ಕೆಲವು ಹೊರಗೆ ಜಾರಿದವು. ಅದರಲ್ಲಿ ಒಂದನ್ನು ಈಜಿಪ್ಟಿನ ದೊರೆ ಫಾರೂಕ್ ಕೊಂಡ. ನಾಣ್ಯದ ಹುಚ್ಚ ಅವನು. 1944ರಲ್ಲಿ ಹೊರದೇಶಕ್ಕೆ ಒಯ್ಯಲು ಅನುಮತಿ ಕೇಳಿದಾಗ, ಅಮೆರಿಕದ ಸರ್ಕಾರವೇ ಗಮನಿಸದೆ ಪರವಾನಗಿ ಕೊಟ್ಟುಬಿಟ್ಟಿತು. 1952ರಲ್ಲಿ ಅವನು ಸಿಂಹಾಸನ ಬಿಟ್ಟ. 1954ರಲ್ಲಿ ಅವನ ಸಂಗ್ರಹ ಕೈರೋದಲ್ಲಿ ಹರಾಜಿಗೆ ಬಂದಾಗ ಅಮೆರಿಕ ಆ ಒಂದನ್ನು ವಾಪಸ್ ಕೇಳಿತು. ನಾಣ್ಯ ಮಾಯ ಆಯಿತು. 1996ರಲ್ಲಿ ನ್ಯೂಯಾರ್ಕಿನ ಹೋಟೆಲಿನಲ್ಲಿ ಅದನ್ನು ಮಾರಲು ಬಂದ ಬ್ರಿಟಿಷ್ ವ್ಯಾಪಾರಿ ಸಿಕ್ಕಿಬಿದ್ದ. ಕೇಸು ನಡೆಯಿತು. ಆ 1944ರ ಪರವಾನಗಿಯ ಬಲದಿಂದ ರಾಜಿ ಆಯಿತು. 2002ರಲ್ಲಿ 75.9 ಲಕ್ಷ ಡಾಲರಿಗೆ ಹೋಯಿತು. ಅದನ್ನು ಅಧಿಕೃತ ನಾಣ್ಯ ಮಾಡಲು ಮೇಲೆ ಇನ್ನೂ 20 ಡಾಲರ್ ಕಟ್ಟಿಸಿಕೊಂಡರು! 2021ರಲ್ಲಿ ಅದೇ ನಾಣ್ಯ 1 ಕೋಟಿ 88 ಲಕ್ಷ ಡಾಲರ್ ದಾಟಿತು.

ಇನ್ನು ಮುಂದಿನದು ಕೇಳಿ. ಫಿಲಡೆಲ್ಫಿಯಾದ ಒಬ್ಬ ಆಭರಣ ವ್ಯಾಪಾರಿಯ ಮನೆಯವರ ಲಾಕರಿನಲ್ಲಿ ಅದೇ ವರ್ಷದ ಹತ್ತು ನಾಣ್ಯ ಸಿಕ್ಕವು. ಅದೇ ಚಿನ್ನ, ಅದೇ ಅಚ್ಚು. ಕೋರ್ಟು ಅವನ್ನು ಸರ್ಕಾರದ ಸ್ವತ್ತು ಅಂದಿತು. 2017ರಲ್ಲಿ ಸುಪ್ರೀಂ ಕೋರ್ಟೂ ಕೈ ಹಾಕಲಿಲ್ಲ. ಫಾರೂಕನ ನಾಣ್ಯಕ್ಕೂ ಈ ಹತ್ತಕ್ಕೂ ಇರುವ ವ್ಯತ್ಯಾಸ ಒಂದು ಕಾಗದ ಮಾತ್ರ. ಶೋಕಿ ಅನ್ನುತ್ತೀರಾ?

ಯಾದಗಿರಿ ಬೆಟ್ಟ (ಯಾದಗಿರಿ)
ಒಪ್ಪಿದೆ. ಕಾಗದ ಸುಳ್ಳಾದರೆ?

ಕೋರ್ಟ್ ರಸ್ತೆ (ಕಲಬುರಗಿ)
ಸುಳ್ಳಾದರೆ ಜೈಲು ಕೂಡ ಆಗುತ್ತದೆ. ಜೂಲಿಯಸ್ ಸೀಸರನನ್ನು ಕೊಂದ ನೆನಪಿಗೆ ಬ್ರೂಟಸ್ ಹಾಕಿಸಿದ ಚಿನ್ನದ ನಾಣ್ಯ ಇದೆ. ಒಂದು ಕಡೆ ಎರಡು ಕಠಾರಿ, ನಡುವೆ ಟೋಪಿ. ಚಿನ್ನದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಅದರಲ್ಲಿ ಒಂದು 2020ರ ಅಕ್ಟೋಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 32 ಲಕ್ಷ ಪೌಂಡ್ ಮೀರಿತು. ಯುರೋಪಿನ ಒಬ್ಬ ಬ್ಯಾರನ್ನಿನ ಸಂಗ್ರಹದಿಂದ ಬಂದದ್ದು ಅಂತ ಕ್ಯಾಟಲಾಗಿನಲ್ಲಿ ಬರೆದಿದ್ದರು. ಅದು ಕಟ್ಟಿದ ಕಥೆ ಅಂತ ನ್ಯೂಯಾರ್ಕಿನ ತನಿಖೆಯಲ್ಲಿ ಹೊರಬಿತ್ತು. 2023ರಲ್ಲಿ ಹರಾಜು ಸಂಸ್ಥೆಯ ಮಾಲೀಕನ ಬಂಧನ ಆಯಿತು, ನಾಣ್ಯ ಗ್ರೀಸಿಗೆ ವಾಪಸ್ ಹೋಯಿತು. ನಾಣ್ಯ ಅಸಲಿಯೇ. ಒಡೆತನದ ದಾಖಲೆ ಮಾತ್ರ ನಕಲಿ. ನಮ್ಮ ‘ದೊಡ್ಡ ಮನೆತನ’ದ ನಗು ನೆನಪಾಗುತ್ತದೆ.

ತೊಗರಿ ಕಣಜ (ಕಲಬುರಗಿ)
ಉರ್ದು ಓದಿಸಿದೆ. ನಮ್ಮ ಶಾಲೆಯ ನಿವೃತ್ತ ಮಾಸ್ತರರು ಓದಿದರು. ಮೊದಲ ಸಾಲು: ‘ಫಿರೋಜ್ ಶಾಹ್ ಬಹಮನಿ, ಚಾಂದಿ, 807’. ಎರಡನೆಯದು: ‘ದಫೀನಾ’, ಆಮೇಲೆ 12, ಅಡ್ಡಗೀಟು, 1341, ಕೊನೆಗೆ ‘ಫೇ’ ಅಕ್ಷರ ಒಂದೇ. 1341 ಹಿಜರಿ ಅಂದರೆ 1922–23 ಆಗುತ್ತದೆ ಅಂದರು ಮಾಸ್ತರರು. ‘ಫೇ’ ಯಾಕೆ ಅಂತ ಅವರಿಗೂ ಹೊಳೆಯಲಿಲ್ಲ.

ಚೌಬಾರಾ ಕಾಕಾ (ಬೀದರ್)
ಹಿಜರಿ ಅಲ್ಲ, ಫಸಲಿ! ಅಂದರೆ ಕಂದಾಯದ ವರ್ಷ; ‘ಫೇ’ ಅದರ ಮೊದಲ ಅಕ್ಷರ. ನಿಜಾಮ ಸರ್ಕಾರದ ಕಚೇರಿ ಲೆಕ್ಕವೆಲ್ಲ ಫಸಲಿಯಲ್ಲೇ. ಬೀದರಿನ ಹಳೇ ಪಹಣಿ, ಖರೀದಿ ಪತ್ರ ನೋಡಿದವರಿಗೆ ಇದು ಗೊತ್ತು. ಫಸಲಿಗೆ 590 ಕೂಡಿಸಿ. 1931–32 ಬರುತ್ತದೆ. ದಫೀನಾ ಅಂದರೆ ಹೂತಿಟ್ಟ ನಿಧಿ.

ಈಗ ನೋಡಿ ಮಜಾ. ಹೈದರಾಬಾದ್ ಸಂಸ್ಥಾನದಲ್ಲಿ 1914ರಲ್ಲೇ ಪುರಾತತ್ವ ಇಲಾಖೆ ಶುರುವಾಗಿತ್ತು, ಗುಲಾಮ್ ಯಜ್ದಾನಿ ಅವರ ಕೈಯಲ್ಲಿ. ನಮ್ಮ ಬೀದರ್ ಕೋಟೆಯನ್ನು ರಿಪೇರಿ ಮಾಡಿಸಿ, ಅದರ ಮೇಲೆ ದಪ್ಪ ಪುಸ್ತಕ ಬರೆದವರೂ ಅವರೇ. ನಿಮ್ಮ ಪೊಟ್ಟಣದ ಎರಡನೇ ಸಾಲು ನವಾಬರ ಮನೆಯ ಬರಹದ ಹಾಗೆ ಕಾಣುವುದಿಲ್ಲ. ಕಚೇರಿಯ ಬರಹದ ಹಾಗೆ ಕಾಣುತ್ತದೆ. ನಿಧಿ ಪ್ರಕರಣದ ನಂಬರು, ವರ್ಷ.

ಮಾರುವವರು ಯಾವ ಪೊಟ್ಟಣಕ್ಕೆ ಒಂದೂವರೆ ಪಟ್ಟು ಕೇಳುತ್ತಿದ್ದಾರೋ, ಅದೇ ಪೊಟ್ಟಣ ಅವರ ಕಥೆಯನ್ನು ಅನುಮಾನಕ್ಕೆ ತಳ್ಳುತ್ತಿದೆ.

ಸರಾಫ್ ಗಲ್ಲಿ (ಕಲಬುರಗಿ)
ಅಂದರೆ ಕದ್ದ ಮಾಲಾ?

ಚೌಬಾರಾ ಕಾಕಾ (ಬೀದರ್)
ಹಾಗೆ ಹಾರಬೇಡಿ. ಬ್ರಿಟಿಷ್ ಕಾಲದಲ್ಲಿ ನಿಧಿಯಲ್ಲಿ ಸಿಕ್ಕ ನಾಣ್ಯಗಳನ್ನು ಮ್ಯೂಸಿಯಂಗಳಿಗೆ ಹಂಚಿ, ಮಿಕ್ಕ ಜೋಡಿಗಳನ್ನು ಮಾರುವ ರೂಢಿ ಇತ್ತು. ನೂರು ಒಂದೇ ಥರದ ಟಂಕಾ ಇಟ್ಟುಕೊಂಡು ಏನು ಮಾಡುತ್ತಾರೆ? ಹಾಗೆ ಹೊರಗೆ ಬಂದಿದ್ದರೆ ಇದು ಬಂಗಾರದಂಥ ದಾಖಲೆ. ಎಲ್ಲಿ ಸಿಕ್ಕಿತು, ಯಾವ ವರ್ಷ, ಯಾವುದರ ಜೊತೆ, ಎಲ್ಲ ತಿಳಿಯುವ ದಾರಿ ತೆರೆಯುತ್ತದೆ. ಸರಿಯಾದ ದಾರಿಯಲ್ಲಿ ಬರದಿದ್ದರೆ ಕೊಂಡವರ ಕೈಗೆ ಸಂಕಟ. ಮೊದಲು ಮಾರುವವರಿಂದ ಬರಹದಲ್ಲಿ ಕೇಳಿ: ಯಾರಿಂದ, ಯಾವಾಗ, ರಸೀದಿ ಎಲ್ಲಿ. ಪೊಟ್ಟಣದ ಫೋಟೋ ಇಟ್ಟು ಹೈದರಾಬಾದಿನ ರಾಜ್ಯ ಮ್ಯೂಸಿಯಂಗೆ ಪತ್ರ ಬರೆಯಿರಿ. ಅವರ ನಾಣ್ಯ ವಿಭಾಗ ದೊಡ್ಡದು. ಉತ್ತರ ಬರುವ ತನಕ ಮುಂಗಡ ಕೂಡ ಕೊಡಬೇಡಿ.

ಕೋರ್ಟ್ ರಸ್ತೆ (ಕಲಬುರಗಿ)
ಕಾನೂನಿನ ಮಾತು ಚಿಕ್ಕದಾಗಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಕಾಯ್ದೆಯೊಳಗೆ ಬರುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಲೈಸೆನ್ಸ್ ಬೇಕು, ಹಾಗಾಗಿ ಅದನ್ನೂ ಕೇಳಿ ನೋಡಿ. ಇನ್ನು ನೆಲದಲ್ಲಿ ಸಿಕ್ಕದ್ದು ಬೇರೆ ವಿಚಾರ. 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕು ಅಂತ ಇತ್ತು. ನಮ್ಮ ರಾಜ್ಯಕ್ಕೆ 1962ರ ಕಾಯ್ದೆ ಬೇರೆ ಇದೆ. ಹೊಲ ಉಳುವಾಗ ಮಡಿಕೆ ಸಿಕ್ಕಿತು, ಸುಮ್ನೆ ಹಂಚಿಕೊಂಡೆವು ಅಂದರೆ ನಡೆಯುವುದಿಲ್ಲ.

ಆಳಂದ ಅಕ್ಕ (ಆಳಂದ)
ಕಾಗದವೇ ಎಲ್ಲ ಅನ್ನುವವರಿಗೆ ನನ್ನದೊಂದು ಎದುರು ಮಾತು. ಅಮೆರಿಕದ 1913ರ ಲಿಬರ್ಟಿ ನಿಕಲ್ (ಐದು ಸೆಂಟಿನ ನಾಣ್ಯ) ಐದೇ ಇವೆ. ಐದೂ ಒಂದು ಕಾಲಕ್ಕೆ ಒಬ್ಬನ ಹತ್ತಿರವೇ ಇದ್ದವು. ಆಮೇಲೆ ಚದುರಿದವು. ಅದರಲ್ಲಿ ಒಂದರ ಒಡೆಯ ವಾಲ್ಟನ್ 1962ರಲ್ಲಿ ನಾಣ್ಯ ಪ್ರದರ್ಶನಕ್ಕೆ ಹೋಗುವಾಗ ಕಾರು ಅಪಘಾತದಲ್ಲಿ ತೀರಿಕೊಂಡ. ನಾಣ್ಯ ಅವನ ಜೊತೆಗೇ ಇತ್ತು. ತಿಳಿದವರು ನೋಡಿ ಇದು ನಕಲಿ ಅಂದರು, ಮನೆಯವರಿಗೆ ವಾಪಸ್ ಕೊಟ್ಟರು. ತಂಗಿ ಅದನ್ನು ಎಸೆಯಲಿಲ್ಲ. ಕಪಾಟಿನಲ್ಲಿ ಇಟ್ಟಳು. 2003ರಲ್ಲಿ ಉಳಿದ ನಾಲ್ಕರ ಪಕ್ಕ ಇಟ್ಟು ನೋಡಿದಾಗ ಅಸಲಿ ಅಂತ ಗೊತ್ತಾಯಿತು. ಹತ್ತು ವರ್ಷದ ಮೇಲೆ 31 ಲಕ್ಷ ಡಾಲರಿಗಿಂತ ಜಾಸ್ತಿಗೆ ಹೋಯಿತು. ನಲವತ್ತು ವರ್ಷ ತಜ್ಞರ ಕಾಗದಕ್ಕಿಂತ ಮನೆಯವರ ಮಾತೇ ನಿಜ ಇತ್ತು, ಅಲ್ವಾ?

ಚೌಬಾರಾ ಕಾಕಾ (ಬೀದರ್)
ಅಕ್ಕಾ, ಒಪ್ಪುತ್ತೇನೆ. ಆದರೆ ತಂಗಿಯ ಮಾತನ್ನು ಜಗತ್ತು ನಂಬಿದ್ದು ನಾಲ್ಕರ ಪಕ್ಕ ಇಟ್ಟ ಮೇಲೆ. ನಾನು ಹೇಳುವುದೂ ಅಷ್ಟೇ. ಮನೆಯ ಮಾತಿರಲಿ, ನವಾಬರ ಪೊಟ್ಟಣವಿರಲಿ, ಕೊನೆಗೆ ನಾಣ್ಯದ ಮೈಗೆ ತಾಳೆ ಆಗಬೇಕು.

ಸರಾಫ್ ಗಲ್ಲಿ (ಕಲಬುರಗಿ)
ಮೈ ಅಂದಿರಿ, ಅದಕ್ಕೆ ಒಂದು ಮಾತು. ಹಳೆ ರೂಪಾಯಿಗಳ ಮೇಲೆ ಸಣ್ಣ ಸಣ್ಣ ಚುಕ್ಕಿ, ನಕ್ಷತ್ರದ ಥರ ಗುರುತು ಇರುತ್ತವೆ. ಸರಾಫರು ಬೆಳ್ಳಿ ಪರೀಕ್ಷೆ ಮಾಡಿ ಹೊಡೆದದ್ದು. ಗಿರಾಕಿಗಳು ಅದನ್ನು ಗಾಯ ಅನ್ನುತ್ತಾರೆ, ಬೆಲೆ ಇಳಿಸುತ್ತಾರೆ. ನನಗೆ ಅದೇ ಇಷ್ಟ. ಅದು ನಮ್ಮ ಕಸುಬಿನವರ ಸಹಿ. ಬಹಮನಿ ನಾಣ್ಯವನ್ನು ಸರಾಫರು, ಅಕ್ಕಸಾಲಿಗರು ಕರಗಿಸುತ್ತಿದ್ದರು, ಅದಕ್ಕೆ ಸುಲ್ತಾನ ಮೊದಲನೇ ಮಹಮ್ಮದ್ ಶಾಹ ಹಾಗೆ ಕರಗಿಸಿದವರನ್ನು ಕೊಲ್ಲಿಸಿದ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹಾಗಾಗಿ ನಮ್ಮವರಿಗೂ ಈ ಇತಿಹಾಸದಲ್ಲಿ ಪಾಲು ಇದೆ, ಒಳ್ಳೆಯದಲ್ಲದಿದ್ದರೂ.

ತಾಂಡಾಗಳ ಕಡೆಯಿಂದ ಬರುವ ರೂಪಾಯಿಗಳಿಗೆ ಬೆನ್ನಿಗೆ ಕೊಂಡಿ ಬೆಸೆದಿರುತ್ತಾರೆ, ಇಲ್ಲಾ ತೂತು ಇರುತ್ತದೆ. ಲಂಬಾಣಿ ಹೆಂಗಸರ ಸರದಲ್ಲಿ ಇದ್ದದ್ದು. ದಯವಿಟ್ಟು ಆ ಕೊಂಡಿ ಕೀಳಿಸಬೇಡಿ. ಕೀಳಿಸಿದರೆ ಗಾಯವೂ ಉಳಿಯುತ್ತದೆ, ಗುರುತೂ ಹೋಗುತ್ತದೆ.

ತೊಗರಿ ಕಣಜ (ಕಲಬುರಗಿ)
ಮಾರುವವರಿಗೆ ದಫೀನಾ, ಫಸಲಿ ಎರಡೂ ಹೇಳಿದೆ. ಈಗ ಪೊಟ್ಟಣಕ್ಕೆ ಏನೂ ಬೇಡ, ಬರೀ ನಾಣ್ಯದ ರೇಟಿಗೇ ಎರಡೂ ತಗೊಳ್ಳಿ ಅನ್ನುತ್ತಿದ್ದಾರೆ. ಇವತ್ತೇ ತಗೊಳ್ಳಬೇಕಂತೆ.

ಕೋರ್ಟ್ ರಸ್ತೆ (ಕಲಬುರಗಿ)
ಇವತ್ತೇ ಅಂದರಾ? ಹಾಗಾದರೆ ಇವತ್ತು ಬೇಡ.

ಯಾದಗಿರಿ ಬೆಟ್ಟ (ಯಾದಗಿರಿ)
ನನ್ನ ಮಾತು ವಾಪಸ್ ತಗೊಂಡೆ ಅಂತಲ್ಲ, ಆದರೆ ನಾನಾದರೂ ಮ್ಯೂಸಿಯಂ ಪತ್ರಕ್ಕೆ ಕಾಯುತ್ತೇನೆ. ಫಿರೋಜ್ ಶಾಹನ ಟಂಕಾ ಇನ್ನೊಂದು ಸಿಗುತ್ತದೆ.

ಸುರಪುರದ ಹುಡುಗ (ಸುರಪುರ)
ಹೊಸಬ ನಾನು, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಒಂದು ಚಾರ್ಮಿನಾರ್ ರೂಪಾಯಿ ಇದೆ. ಒಬ್ಬರು ಫೋನ್ ಮಾಡಿ ‘ಆರ್‌ಬಿಐ ಮೂಲಕ ಐದು ಲಕ್ಷಕ್ಕೆ ಮಾರಿಸುತ್ತೇವೆ, ಮೊದಲು ಫೀಸು ಕಟ್ಟಿ’ ಅಂದರು. ಕಟ್ಟಬಹುದಾ? ಮತ್ತೆ, ಹುಣಸೆಹಣ್ಣು ಹಾಕಿ ತೊಳೆದರೆ ಫೋಟೋ ಚೆನ್ನಾಗಿ ಬರುತ್ತದಾ?

ಆಳಂದ ಅಕ್ಕ (ಆಳಂದ)
ಎರಡೂ ಬೇಡಪ್ಪಾ! ಆರ್‌ಬಿಐ ಹಳೆ ನಾಣ್ಯದ ವ್ಯವಹಾರ ಮಾಡುವುದಿಲ್ಲ, ಅದರ ಹೆಸರಿನಲ್ಲಿ ಫೀಸು ಕೇಳುವವರನ್ನು ನಂಬಬೇಡಿ ಅಂತ 2021ರಲ್ಲಿ ಅವರೇ ಪ್ರಕಟಣೆ ಕೊಟ್ಟಿದ್ದಾರೆ. ನಂಬರ್ ಬ್ಲಾಕ್ ಮಾಡು. ಹುಣಸೆಹಣ್ಣು ಸಾರಿಗೆ ಇರಲಿ. ನಾಣ್ಯದ ಮೇಲಿನ ಕಪ್ಪು ಹೋದರೆ ಬೆಲೆಯೂ ಹೋಗುತ್ತದೆ.

ಚಾರ್ಮಿನಾರಿನ ನಡುವಿನ ಬಾಗಿಲಲ್ಲಿ ಒಂದು ಅಕ್ಷರ ಇರುತ್ತದೆ, ಭೂತಗನ್ನಡಿ ಹಿಡಿದು ನೋಡು. ‘ಮೀಮ್’ ಇದ್ದರೆ ಆರನೇ ನಿಜಾಮ ಮಹಬೂಬ್ ಅಲಿಯದು, ‘ಐನ್’ ಇದ್ದರೆ ಏಳನೇ ನಿಜಾಮ ಉಸ್ಮಾನ್ ಅಲಿಯದು. ಉಸ್ಮಾನ್ ಅಲಿಯ ಮೊದಮೊದಲ ರೂಪಾಯಿಗಳಲ್ಲಿ ‘ಐನ್’ ಅರ್ಧ ಮಾತ್ರ ಇದೆ. ಅದನ್ನು ಹುಡುಕುವವರು ಇದ್ದಾರೆ, ನಾನೂ ಅದರಲ್ಲಿ ಒಬ್ಬಳು. ಮನೆಯಲ್ಲಿ ಅದು ಯಾರದು, ಎಲ್ಲಿಂದ ಬಂತು ಅಂತ ಅಮ್ಮನನ್ನು ಕೇಳಿ ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡು. ನಾಣ್ಯವನ್ನು ಅಂಚು ಹಿಡಿದು ಎತ್ತಿ, ಎರಡೂ ಕಡೆ ಫೋಟೋ ಹಾಕು. ಪಕ್ಕದಲ್ಲಿ ಸ್ಕೇಲ್ ಇಡೋದು ಮರೀಬೇಡ.